ಜರಡಿಯ ಜಗಳ

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಹಾಗೆಂದವರು ನವಿಲುತೀರ್ಥದ ಕಾಲನಿಯ ನಳಕ್ಕೆ ಕೊಡ ಹಿಡಿದು ಹೋದವರಲ್ಲ. ಅಲ್ಲಿ ದಿನಾ ಮೊದಲ ಜಗಳ ತೆಗೆಯುತ್ತಿದ್ದವಳು ಡ್ರೈವರ್ ಖಾಸಿಮಸಾಬನ ಮಗಳು ಜಮೀಲಾಬಿ. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳದು, ಮಾತು ಬಾರದು. ಮೂವತ್ತು ದಾಟಿದ ಹೆಣ್ಣು, ಬೈಯುವುದೆಲ್ಲ ಕೈಯಲ್ಲೇ.

ಆ ಕೈಮಾತನ್ನು ಯಾವ ಸಾಲಿಯೂ ಕಲಿಸಿರಲಿಲ್ಲ. ಆಣೆಕಟ್ಟಿನ ಕೆಲಸಕ್ಕೆಂದು ಬಂದ ಸಂಸಾರಗಳ ಹೆಂಗಸರೂ ಅವಳೂ ಕೂಡಿ ನಳದ ಮುಂದೆ ಕಟ್ಟಿಕೊಂಡದ್ದು ಅದು. ಎರಡು ಮುಷ್ಟಿ ಹಿಡಿದು ತಿರುವಿದರೆ ಅಪ್ಪ. ಕಣ್ಣಿಗೆ ಬೆರಳಿನ ಉಂಗುರ ಇಟ್ಟರೆ ಚಷ್ಮಾದ ಇಂಜಿನಿಯರ ಸಾಹೇಬ. ಮೂಗಿನ ಮೇಲೆ ಬೆರಳೊತ್ತಿದರೆ ನೆರೆಮನೆಯ ದೊಡ್ಡ ಮೂಗುತಿಯ ಗುರವ್ವ. ಸಂಜೆ ಖಾಸಿಮಸಾಬ ಲಾರಿ ನಿಲ್ಲಿಸಿ ಬರುವಷ್ಟರಲ್ಲಿ ಬಾಗಿಲಲ್ಲಿ ಯಾರಾದರೊಬ್ಬಳು ನಿಂತೇ ಇರುತ್ತಿದ್ದಳು. "ಮಾಮಾ, ನಿಮ್ಮ ಮಗಳು ನನಗ ಬೈದಾಳ್ರೀ." ಪಾಪ, ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

ಎಪ್ಪತ್ತಾರನೆಯ ಇಸವಿಯ ಬೇಸಿಗೆಯಲ್ಲಿ ಅವನಿಗೆ ಪೆನ್ಶನ್ ಆಗುವುದಿತ್ತು. ಕ್ವಾರ್ಟರ್ಸ್ ಬಿಡಬೇಕು. ಗಂಡ ಹೆಂಡತಿ ಇಬ್ಬರೇ ಆಗಿದ್ದರೆ ಎಲ್ಲಿಯಾದರೂ ಚಾಪೆ ಹಾಸುತ್ತಿದ್ದರು. ತಾವು ಕಣ್ಣು ಮುಚ್ಚಿದ ಮೇಲೆ ಜಮೀಲಾ ಯಾರ ಆಸರೆಯಲ್ಲಿ ಇರಬೇಕು? ಖಾಸಿಮಸಾಬನ ನಿದ್ದೆ ಕೆಡಿಸಿದ್ದು ಅದೊಂದೇ. ಅಷ್ಟರಲ್ಲಿ ರಾಮದುರ್ಗದಲ್ಲಿ ಮಗ್ಗ ಹಾಕಿಕೊಂಡಿದ್ದ ತಮ್ಮ ಹಜರತಸಾಬ ತಾನಾಗಿ ಬಂದು, "ಹಿತ್ತಲ ಕಡಿ ಎರಡ ಖೋಲಿ ಅದಾವ, ಬರ್ರಿ ಭಾಯಿ. ಎಷ್ಟಂದ್ರೂ ರಕ್ತ ರಕ್ತಾನ" ಎಂದ. ಹುಡುಗಿ ಹೊಂದಿಕೊಳ್ಳುತ್ತಾಳೋ ಇಲ್ಲವೋ ನೋಡೋಣವೆಂದು ಮೂವರೂ ಎಂಟು ದಿನ ಅಲ್ಲಿಗೆ ಹೋದರು.

ಒಳ್ಳೆಯ ಮಂದಿ, ಸುಳ್ಳಾಡಬಾರದು. ಬಂದ ದಿನವೇ ಜಮೀಲಾಗೆ ಹೊಸ ಬಳೆ ಇಡಿಸಿದರು. ಎಲ್ಲರೂ ಅವಳ ಜೊತೆ ಮಾತಾಡಿದರು, ಅಂದರೆ ಕಿವಿಯ ಹತ್ತಿರ ಬಾಯಿ ತಂದು ಒದರಿದರು. ಅವಳು ಕೈಯಲ್ಲಿ ಏನೋ ಕೇಳಿದರೆ ನಕ್ಕು, ತಲೆಯಾಡಿಸಿ, ಒಂದು ತಂಬಿಗೆ ನೀರು ತಂದುಕೊಟ್ಟರು. ಏನು ಕೇಳಿದರೂ ನೀರೇ. ಕುಡಿದು ಕುಡಿದು ಸಾಕಾಗಿ ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅಕ್ಕಿ ಹಸನು ಮಾಡಿದಳು, ಹಾಸಿಗೆ ಮಡಚಿದಳು, ಮತ್ತೆ ಕೂತಳು.

"ಎಂಥಾ ಗುಣವಂತ ಹುಡುಗಿ ಭಾಯಿ! ಒಂದರ ತಕರಾರ ಐತೇನು?" ಎಂದ ಹಜರತಸಾಬ.

ಖಾಸಿಮಸಾಬ ಉಬ್ಬಿಹೋದ. ಮಗಳು ಸುಧಾರಿಸಿದಳು ಅಂದುಕೊಂಡ. ಜನ್ಮವೆಲ್ಲ ಗಾಡಿ ಹೊಡೆದವನು, ಸಪ್ಪಳವಿಲ್ಲದ ಇಂಜಿನ್ ಚಲೋ ಇಂಜಿನ್ ಎಂದು ನಂಬಿದವನು. ಬಂದ್ ಬಿದ್ದ ಇಂಜಿನ್ನೂ ಸಪ್ಪಳ ಮಾಡುವುದಿಲ್ಲ ಎಂಬುದು ಆಗ ತಲೆಗೆ ಬರಲಿಲ್ಲ ನೋಡಿ. ಬರುವ ತಿಂಗಳು ಸಾಮಾನು ತರುತ್ತೇನೆಂದು ತಮ್ಮನಿಗೆ ಮಾತು ಕೊಟ್ಟ. ಹೆಂಡತಿ ಬೇಗಂಬಿ ಮಡಿಲಲ್ಲಿದ್ದ ಮಗಳ ಕೈಗಳನ್ನೇ ನೋಡುತ್ತಿದ್ದಳು.

ಹೊರಳಿ ಬರುವಾಗ ಯರಗಟ್ಟಿಯಲ್ಲಿ ಬಸ್ಸು ಬದಲಿಸಬೇಕು. ಮುರಗೋಡದ ಬಸ್ಸಿಗೆ ಕಾಯುತ್ತ ಅಲ್ಲಿ ಗುರವ್ವ ಕೂತಿದ್ದಳು. ಗಂಡನಿಗೆ ಬೈಲಹೊಂಗಲಕ್ಕೆ ವರ್ಗವಾದ ಮೇಲೆ ಕಾಲನಿ ಬಿಟ್ಟು, ಮುರಗೋಡದ ಸ್ವಂತ ಮನೆ ಸೇರಿದವಳು. ನಲವತ್ತೂ ಆಗಿರಲಿಲ್ಲ. ಅವಳನ್ನು ಕಂಡದ್ದೇ ತಡ, ಜಮೀಲಾ ಗಂಟು ಅಲ್ಲೇ ಬಿಸಾಡಿ ಓಡಿದಳು. ಅಪ್ಪಿಕೊಳ್ಳುತ್ತಾಳೆ ಅಂದುಕೊಂಡರೆ, ಎರಡೂ ಕೈ ಮುಂದೆ ಹಿಡಿದು ಅಲ್ಲಾಡಿಸಿದಳು. ಜರಡಿ! ಹೋಗುವಾಗ ನಮ್ಮ ಜರಡಿ ಒಯ್ದಿಯಲ್ಲ, ಕಳ್ಳಿ!

ಗುರವ್ವ ಬಿಟ್ಟಾಳೇ? ಚೀಲ ಕೆಳಗಿಟ್ಟು, ಟೊಂಕಕ್ಕೆ ಸೆರಗು ಸಿಗಿಸಿ ಕೈಯಲ್ಲೇ ತಿರುಗಿ ಬೈದಳು. ನಿಮ್ಮವ್ವ ನನ್ನ ಒನಕೆ ಮುರಿದಾಗ ನಾನೇನಾದರೂ ಅಂದೆನೇ? ಸುತ್ತ ಮಂದಿ ಕೂಡಿತು. ಹೊಸ ಬಳೆ ಗಲಗಲ ಅನ್ನುತ್ತಿದ್ದವು. ಎಂಟು ದಿನ ಸತ್ತಂತಿದ್ದ ಜಮೀಲಾಳ ಮುಖ ಕೆಂಪಾಗಿತ್ತು. ನಡುವೆ ಇಬ್ಬರಿಗೂ ನಗು ಬಂತು, ನಕ್ಕು ಮತ್ತೆ ಜಗಳಕ್ಕೇ ನಿಂತರು.

ಮಗಳನ್ನು ಎಳೆದು ತರಲು ಎದ್ದ ಗಂಡನ ಅಂಗಿಯನ್ನು ಬೇಗಂಬಿ ಹಿಡಿದಳು. "ಬಿಡ್ರಿ, ಆಡ್ಲಿ. ರಾಮದುರ್ಗದಾಗ ಯಾರ ಜೋಡಿ ಆಡಬೇಕಿತ್ತು? ಗ್ವಾಡಿ ಜೋಡಿ ಯಾರರ ಜಗಳಾ ತಗೀತಾರೇನ್ರಿ?"

ಎದ್ದಿದ್ದ ಖಾಸಿಮಸಾಬ ಮತ್ತೆ ಕೂತ. ತಮ್ಮನ ಮನೆಯಲ್ಲಿ ಅನ್ನ ಸಿಗುತ್ತಿತ್ತು, ಬಟ್ಟೆ ಸಿಗುತ್ತಿತ್ತು. ಮಗಳು ಮಾತ್ರ ಇನ್ನು ಮೂವತ್ತು ವರ್ಷ ನೀರು ಕುಡಿಯುತ್ತ ಕೂತಿರುತ್ತಿದ್ದಳು. ಅವನ ಕಣ್ಣು ತುಂಬಿ ಬಂತು. ಜಗಳ ಮುಗಿದ ಮೇಲೆ ಗುರವ್ವನನ್ನು ಕರೆದು, "ಮುರಗೋಡದಾಗ ನಿಮ್ಮ ಮನಿ ಹತ್ರ ಬಾಡಿಗಿ ಮನಿ ಸಿಗ್ತದೇನವಾ?" ಎಂದು ಕೇಳಿದ.

ಹಜರತಸಾಬ ನೊಂದುಕೊಂಡ. "ರಕ್ತಕ್ಕಿಂತ ನೆರಿಮಂದಿ ಹೆಚ್ಚಾದ್ರೇನು ಭಾಯಿ?" ಎಂದು ಕೇಳಿ, ಈದ್‌ಗೂ ಬರದೆ ಹೋದ. ತಮ್ಮನ ತಪ್ಪೇನೂ ಇರಲಿಲ್ಲವಲ್ಲ.

ಮುರಗೋಡದ ಮನೆಗೆ ಸಾಮಾನು ಇಳಿಸಿದ ಎರಡನೆಯ ಸಂಜೆಯೇ ಗುರವ್ವ ಬಾಗಿಲಿಗೆ ಬಂದು ನಿಂತಳು. ಬೆನ್ನ ಹಿಂದೆ ಕಾಲನಿಯಲ್ಲೇ ಬೆಳೆದ ಅವಳ ಮಗಳು ಜಮೀಲಾಳ ಜೊತೆ ಕೈಯಾಡಿಸಿ ವಾದ ಹಾಕುತ್ತಿದ್ದಳು.

"ಮಾಮಾ, ತಗೋರಿ ನಿಮ್ಮ ಜರಡಿ. ನಿಮ್ಮ ಮಗಳು ಮತ್ತ ನನಗ ಬೈದಾಳ್ರೀ."

ಖಾಸಿಮಸಾಬ ಜರಡಿ ಇಸಕೊಂಡ. "ಬೈಲಿ ಬಿಡವಾ," ಎಂದ. "ನಾವ ಹ್ವಾದಮ್ಯಾಲೂ ಹಿಂಗ ಬೈಸ್ಕೋತ ಇರು."

"ಸುಮ್ನ ಬೈಸ್ಕೊಳ್ಳಾಕ ನನಗೇನ ಕೈ ಇಲ್ಲೇನ್ರಿ?" ಎಂದಳು ಗುರವ್ವ. "ನಾನೂ ಬೈತೇನಿ."