ಅವ್ವನ ಮೇಲಿನ ತಕರಾರು

ಅವ್ವ ತೀರಿಕೊಂಡ ಹದಿನಾಲ್ಕನೆಯ ದಿನ ಖಡಕಿಯ ಸಭಾಗೃಹದಲ್ಲಿ ಶ್ರದ್ಧಾಂಜಲಿ ಸಭೆ. ಹೊರಗೆ ಚೌಕದಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಅವ್ವನ ಮುಖ ಅಂಗೈಯಗಲ, ಶೋಕಪಡುವವರ ಮುಖ ಹದಿನಾರು. ನಾಲ್ವರು ಕಪ್ಪು ಕನ್ನಡಕ ಹಾಕಿಕೊಂಡಿದ್ದರು, ಅತ್ತ ಕಣ್ಣು ಕಾಣಬಾರದೆಂದು ಇರಬೇಕು. ಅವ್ವ ಅಂದರೆ ಇಂದೂಬಾಯಿ, ಸಂಸಾರ ಕೆಟ್ಟ ಹೆಂಗಸರ ಅಹವಾಲನ್ನು ಮೂವತ್ತೊಂದು ವರ್ಷ ಕೇಳಿದವಳು, ನಿವೃತ್ತಿಯಾದ ಮೇಲೂ ಬಿಡದವಳು. ಆಗೆಲ್ಲ ಅವಳ ಕಚೇರಿಗೆ ಒಂದು ಗಟ್ಟಿ ಕುರ್ಚಿ ಕೊಡಿಸದವರು ಈಗ ಇನ್ನೂರು ಕುರ್ಚಿ ಹಾಕಿಸಿದ್ದರು.

ಅವ್ವ ದುಡಿದ ಮಹಿಳಾ ಸಂಸ್ಥೆಯ ಅಧ್ಯಕ್ಷ ಅವಧೂತ ನನ್ನ ಹತ್ತಿರ ಬಂದು ಬಗ್ಗಿದರು. "ನೀಲಿಮಾ ಅವ್ರ, ನೀವು ಮಗಳು, ಎರಡು ಮಿನಿಟ ಮಾತಾಡ್ರಿ. ಸೇವಾದ ಬಗ್ಗೆ ಅಷ್ಟ ಹೇಳ್ರಿ, ಮನೀ ವಿಷಯ ಬ್ಯಾಡ."

ನನ್ನ ಹತ್ತಿರ ಇದ್ದದ್ದೇ ಮನೆಯ ವಿಷಯ. ಇಡೀ ಊರಿಗೆ ಅವ್ವ, ನನಗೆ ಮಾತ್ರ ಇಂದೂಬಾಯಿ, ಎಂದು ಮೈಕಿನಲ್ಲಿ ಹೇಳಿಯೇ ಇಳಿಯುವುದೆಂದು ನಿಶ್ಚಯಿಸಿಕೊಂಡು ಬಂದಿದ್ದೆ. ಇವತ್ತು ಹೇಳದಿದ್ದರೆ ಈ ಸಿಟ್ಟು ಸಾಯುವವರೆಗೂ ನನ್ನೊಳಗೇ ಉಳಿಯುತ್ತಿತ್ತು.

ನನ್ನದು ಎಂಬ ವಸ್ತು ನಮ್ಮ ಮನೆಯಲ್ಲಿ ಹೆಚ್ಚು ದಿನ ಬಾಳಿದ್ದಿಲ್ಲ. ಯಾರೋ ಉಟ್ಟ ಬಟ್ಟೆಯಲ್ಲಿ ಗಂಡನ ಮನೆ ಬಿಟ್ಟು ಬಂದರೆ ನನ್ನ ಚೂಡಿದಾರ ಹೋಯಿತು, ಅವಳ ಹಿಂದೆ ಮಗುವೂ ಬಂದರೆ ನನ್ನ ಮಂಚ ಹೋಯಿತು. ನನ್ನ ಮಗ ಅಮೇಯ ಹುಟ್ಟಿದ ದಿನ ಅವ್ವ ಲೋಣಾವಳಾದಲ್ಲಿದ್ದಳು, ಯಾವುದೋ ಹೋಟೆಲಿನಲ್ಲಿ ಕೂಡಿಹಾಕಿದ್ದ ಹುಡುಗಿಯನ್ನು ಬಿಡಿಸಲು. ಮೂರನೆಯ ದಿನ ಬಂದಳು, ಕೈಯಲ್ಲಿ ಚಿಕ್ಕಿಯ ಪೊಟ್ಟಣ. ಹಸಿ ಬಾಣಂತಿಗೆ ಶೇಂಗಾ ಚಿಕ್ಕಿ. ಹೆಂಗಸರ ಕಷ್ಟ ಓದಿ ಎಂ.ಎ. ಮಾಡಿದವಳು.

ವೇದಿಕೆಗೆ ಒಬ್ಬೊಬ್ಬರಾಗಿ ಹತ್ತಿ ತಮ್ಮ ತಮ್ಮ ಅವ್ವನನ್ನು ನೆನೆದರು. ಹಿಂದೊಮ್ಮೆ ನಮ್ಮ ಮನೆಯಲ್ಲಿ ಐದು ತಿಂಗಳಿದ್ದ ಶರಣಮ್ಮ, "ಹಡದಾಕಿಕಿಂತ ಹೆಚ್ಚು ಮಾಡ್ಯಾರ್ರಿ. ನನ್ನ ಬಾಣಂತನ ಪೂರಾ ಅವರ ಮಾಡಿದ್ರು" ಎಂದಳು. ನನಗೆ ಮೈಯೆಲ್ಲ ಉರಿಯಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ.

ನನ್ನ ಹೆಸರು ಕೂಗಿದರು. ಮೆಟ್ಟಿಲು ಹತ್ತುವಾಗ, ಯಾರಿಗೂ ಹೇಳದ ಒಂದು ಮಧ್ಯಾಹ್ನ ನೆನಪಿಗೆ ಬಂತು.

ಕೊನೆಯ ವರ್ಷ ಅವ್ವನಿಗೆ ಮರೆವು ಹತ್ತಿತ್ತು. ವಿಮಾನ ನಗರದ ನಮ್ಮ ಫ್ಲ್ಯಾಟಿಗೆ ಕರೆತಂದಿದ್ದೆ. ಅವತ್ತು ಊಟ ತಂದಿಟ್ಟರೆ, ನನ್ನ ಮುಖವನ್ನೇ ನೋಡಿ ಎದುರಿನ ಕುರ್ಚಿ ತೋರಿಸಿದಳು.

"ಕೂಡು ಬಾರವಾ. ಮೊದಲ ನೀರ ಕುಡಿ. ಯಾರ ಮ್ಯಾಲೆ ತಕರಾರು?"

ನನ್ನನ್ನು ಅಹವಾಲು ಹೊತ್ತು ಬಂದವಳೆಂದುಕೊಂಡಿದ್ದಳು. ನಾನು ತಿದ್ದಲಿಲ್ಲ. ನಲವತ್ತಾರು ವರ್ಷಕ್ಕೆ ಕೊನೆಗೂ ನನ್ನ ಪಾಳಿ ಬಂದಿತ್ತು.

"ನಮ್ಮವ್ವನ ಮ್ಯಾಲ್ರಿ ಬಾಯಿ."

"ಏನ ಮಾಡ್ಯಾಳ?"

ಹೇಳಿದೆ. ಚೂಡಿದಾರ, ಮಂಚ, ಲೋಣಾವಳಾ, ಚಿಕ್ಕಿ, ಒಂದನ್ನೂ ಬಿಡದೆ ಹೇಳಿದೆ. ಹೇಳುತ್ತ ಹೇಳುತ್ತ ಸಣ್ಣ ಹುಡುಗಿಯ ಹಾಗೆ ಅತ್ತುಬಿಟ್ಟೆ. ಅವ್ವ ನಡುವೆ ಬಾಯಿ ಹಾಕಲಿಲ್ಲ, ಗಡಿಯಾರ ನೋಡಲಿಲ್ಲ, ಫೋನ್ ರಿಂಗಾದರೂ ಆ ಕಡೆ ತಿರುಗಲಿಲ್ಲ. ಅನ್ನ ಆರಿಹೋಯಿತು.

"ಇದನ್ನೆಲ್ಲ ಅಕಿಗೆ ಹೇಳಿದ್ದೇನು?"

"ಇಲ್ರಿ. ಅಕಿಗೆ ಪುರಸೊತ್ತ ಇರಲಿಲ್ಲ."

ಅವ್ವ ತಟ್ಟೆಯನ್ನು ಬದಿಗೆ ಸರಿಸಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು.

"ನಿಂದೇನೂ ತಪ್ಪಿಲ್ಲವಾ. ತಪ್ಪು ಅಕಿದು. ಬರೋ ಮಂಗಳವಾರ ಅಕಿನ್ನ ಕರಕೊಂಡ ಬಾ, ಇಬ್ಬರನ್ನೂ ಕೂಡಿಸಿ ಮಾತಾಡ್ತೀನಿ. ಬರೂದಿಲ್ಲ ಅಂದ್ರ ನಾನ ಅಕಿ ಮನೀಗೆ ಹೋಗ್ತೀನಿ."

ಮಂಗಳವಾರ ಬಂತು, ಹೋಯಿತು. ಅವ್ವನಿಗೆ ನೆನಪಿರಲಿಲ್ಲ. ನೆನಪಿದ್ದ ನಾನು ಯಾರನ್ನು ಕರೆದುಕೊಂಡು ಬರಲಿ?

ಮೈಕಿನ ಮುಂದೆ ನಿಂತೆ. ಅವಧೂತ ಕೈಗಡಿಯಾರ ನೋಡಿಕೊಂಡರು. ಇನ್ನೂರು ಜನ ನನ್ನ ಅವ್ವನ ಬಗ್ಗೆ ಇನ್ನೊಂದು ಹೊಗಳಿಕೆಗೆ ಕಾಯುತ್ತಿದ್ದರು. ಆ ಊರಿನ ಭಾಷೆ ಮರಾಠಿಯಲ್ಲಿ ಶುರು ಮಾಡಿದೆ, ಮಾತು ಬರಲಿಲ್ಲ. ಕನ್ನಡದಲ್ಲೇ ಹೇಳಿದೆ.

"ನಮ್ಮವ್ವನ ಮ್ಯಾಲೆ ನಂದೊಂದು ತಕರಾರಿತ್ತು. ಅಕಿ ಪೂರಾ ಕೇಳಿದ್ಲು. ಕೇಳಿ, ನನ್ನ ಕಡೆ ಆದ್ಲು."

ಅರ್ಧಕ್ಕರ್ಧ ಜನಕ್ಕೆ ಭಾಷೆ ತಿಳಿಯಲಿಲ್ಲ, ಉಳಿದವರಿಗೆ ಮಾತು ತಿಳಿಯಲಿಲ್ಲ. ಆದರೂ ಚಪ್ಪಾಳೆ ತಟ್ಟಿದರು. ನಾನು ಇಳಿದು ಬಂದು ನನ್ನ ಕುರ್ಚಿಯಲ್ಲಿ ಕೂತು, ಮೊದಲ ಸಲ ಅವ್ವನಿಗಾಗಿ ಅತ್ತೆ.