ಹೂಂಗುಟ್ಟದ ಓವನ್

ನಮ್ಮ ಬೇಕರಿಯ ಹೊಸ ಓವನ್ನಿಗೆ ಬೆರಳಿನಿಂದ ಒತ್ತುವ ಗಾಜಿನ ಪರದೆ ಕೂರಿಸಿದವನು ನನ್ನ ಹೆಂಡತಿಯ ತಮ್ಮ. ಅದರ ಸಾಫ್ಟ್‌ವೇರ್ ಬರೆದವನೂ ಅವನೇ. ಆ ದಿನ ಮಧ್ಯಾಹ್ನದೊಳಗೆ ಆಸ್ಪತ್ರೆಗೆ ಬ್ರೆಡ್ಡು ಕಳಿಸಬೇಕಿತ್ತು. ತಡವಾದರೆ ಮುಂದೆ ಬೇರೆಯವರಿಂದ ತರಿಸುತ್ತೇವೆ ಎಂದು ಅವರು ಮೊದಲೇ ಹೇಳಿದ್ದರು. ಕಾವು ಸ್ವಲ್ಪ ಏರಿಸೋಣವೆಂದು ಪರದೆಯ ಗುರುತನ್ನು ಒತ್ತಿದೆ. ಅದು ಕಲ್ಲಿನಂತೆ ಸುಮ್ಮನಿತ್ತು. ಮತ್ತೆ ಒತ್ತಿದೆ. ಕೈಯಲ್ಲಿ ಹಿಟ್ಟಿದೆಯೆಂದು ಒರೆಸಿಕೊಂಡು ಇನ್ನೂ ಒತ್ತಿದೆ. ಆ ಕಳ್ಳ ಯಂತ್ರ ನಾನು ಒತ್ತಿದ್ದನ್ನೆಲ್ಲ ಒಳಗೊಳಗೇ ಕೂಡಿಸಿಕೊಂಡು ಕಾವನ್ನು ಒಮ್ಮೆಲೇ ಏರಿಸಿತು. ಒಳಗಿದ್ದ ಬ್ರೆಡ್ಡೆಲ್ಲ ಇದ್ದಿಲಾಯಿತು. ಫೋನು ಮಾಡಿ ಭಾಮೈದನನ್ನು ಕರೆಸಿದೆ.

“ಒಂದ್ಸಲ ಒತ್ತಿ ಕಾಯ್ಬೇಕು ಭಾವ. ಅದು ಕೆಲಸ ಮಾಡ್ತಿರುತ್ತೆ,” ಎಂದ.

“ಮಾಡ್ತಿದೆ ಅಂತ ನಂಗೇನು ಕನಸು ಬೀಳುತ್ತಾ? ನಿಮ್ಮಕ್ಕನ್ನ ಕೂಗಿದ್ರೆ ಒಳಗಿಂದ ‘ಹೂಂ’ ಅಂತಾಳೆ. ಆಮೇಲೆ ಬರೋಕೆ ಎಷ್ಟೊತ್ತಾದ್ರೂ ನಾನು ಮತ್ತೆ ಕೂಗಲ್ಲ. ನಿನ್ನ ಓವನ್ನಿಗೆ ಅಷ್ಟೂ ಮರ್ಯಾದೆ ಇಲ್ವಲ್ಲೋ!”

“ನಿಮಗೆ ತಾಳ್ಮೆ ಇಲ್ಲ, ಅಷ್ಟೇ. ನೋಡಿ,” ಎಂದು ಅವನೇ ಒತ್ತಿದ. ಪರದೆ ಮಿಸುಕಲಿಲ್ಲ. ನಾನು ಕೈಕಟ್ಟಿ ನಿಂತೆ. ಅವನು ಕಾದ, ಕತ್ತು ಓರೆ ಮಾಡಿ ನೋಡಿದ. ಆಮೇಲೆ ಅವನ ಬೆರಳು ತಾನಾಗಿಯೇ ಹೋಗಿ ಇನ್ನೊಮ್ಮೆ ಒತ್ತಿತು.

“ಎಲ್ಲಪ್ಪಾ ನಿನ್ನ ತಾಳ್ಮೆ? ಅಡವಿಟ್ಟು ಬಂದ್ಯಾ?”

ಅವನು ಲ್ಯಾಪ್‌ಟಾಪ್ ತೆರೆದ. ನಾನು ಕಲಸಿದ ಹೊಸ ಹಿಟ್ಟು ಉಬ್ಬುವಷ್ಟರಲ್ಲಿ, ಒತ್ತಿದ ಕೂಡಲೇ ಗುರುತು ಬಣ್ಣ ಬದಲಿಸಿ ಟಿಕ್ ಎನ್ನುವಂತೆ ಮಾಡಿದ. ಬ್ರೆಡ್ಡು ಮಧ್ಯಾಹ್ನದೊಳಗೆ ಬಿಸಿಬಿಸಿಯಾಗಿಯೇ ಆಸ್ಪತ್ರೆ ಮುಟ್ಟಿತು. ಇಷ್ಟು ಸಣ್ಣ ಕೆಲಸ ಮೊದಲೇ ಮಾಡಲು ಅವನಿಗೇನು ದಾಡಿಯಾಗಿತ್ತೋ!