ಹಾವಕ್ಕಿಯ ಹಿಂದಿನ ಕಲ್ಲುಕಂಬ

ಹೆಣ ಇನ್ನೂ ಜಗಲಿಯ ಮೇಲಿರುವಾಗಲೇ ಲೋಕೇಶ ಒಳಗೆ ಹೋಗಿ, ಮಂಚದ ಕೆಳಗಿದ್ದ ಕ್ಯಾಮೆರಾ ಚೀಲವನ್ನು ಎಳೆದುಕೊಂಡ. ಜಿಪ್ಪಿನ ಸದ್ದು ಅಂಗಳದಲ್ಲಿದ್ದವರಿಗೂ ಕೇಳಿಸಿತು.

ಸತ್ತವನು ಅವನ ಚಿಕ್ಕಪ್ಪ ಮರಿಯಯ್ಯ. ಹೊಣಕೆರೆ ಕಡೆಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಜವಾನನಾಗಿದ್ದವನು. ನಿವೃತ್ತನಾದ ಮೇಲೆ ಹಳೆಯ ಕ್ಯಾಮೆರಾ ಒಂದನ್ನು ಕೊಂಡು, ದಿನಾ ಬೆಳಗ್ಗೆ ಮೀನು ಹಿಡಿಯುವವರ ತೆಪ್ಪದಲ್ಲಿ ಊರ ಕೆರೆಗೆ ಇಳಿಯುತ್ತಿದ್ದ. ಹಕ್ಕಿ ಫೋಟೊ ತೆಗೆಯುತ್ತೇನೆ ಅನ್ನುತ್ತಿದ್ದ. ಊರು ನಂಬಿರಲಿಲ್ಲ. ಎರಡು ವರ್ಷದ ಹಿಂದೆ ಯಾರದೋ ಅರ್ಜಿಯ ಮೇಲೆ ಸರ್ವೆಯವರು ಬಂದು, ಕೆರೆಗೆ ಸೇರಿದ ಜಾಗವೆಂದು ಲೋಕೇಶನ ಹತ್ತು ಗುಂಟೆ ತೋಟ ಬಿಡಿಸಿದ ಮೇಲೆ, ಫೋಟೊ ತೆಗೆದು ಅರ್ಜಿ ಕೊಟ್ಟವನು ಇವನೇ ಎಂಬ ಅನುಮಾನ ಗಟ್ಟಿಯಾಯಿತು. ಅಂದಿನಿಂದ ಲೋಕೇಶ ಈ ಹೊಸ್ತಿಲು ತುಳಿದಿದ್ದು ಇವತ್ತೇ.

ಅವನು ಒಂದೊಂದೇ ಚಿತ್ರ ಸರಿಸಿದ. ಬಾತು, ಕೊಕ್ಕರೆ, ನೀರುಕಾಗೆ. ಮತ್ತೆ ಬಾತು. ಬೆರಳು ಒಂದು ಕಡೆ ನಿಂತಿತು. ಸರ್ವೆಗೆ ತಿಂಗಳು ಮುಂಚಿನ ತಾರೀಖು. ಮೋಟುಮರದ ಮೇಲೆ, ಹಾವಿನಂತೆ ಉದ್ದ ಕತ್ತಿನ ಹಾವಕ್ಕಿ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು. ಅದರ ಹಿಂದೆ ಲೋಕೇಶನ ತೋಟದ ಬೇಲಿಯ ಕಲ್ಲುಕಂಬಗಳು.

"ನಾನ್ ಯೋಳಿರ್ನಿಲ್ವಾ? ಸಿಕ್ತಲ್ಲ," ಎನ್ನುತ್ತ ಹೊರಗೆ ಬಂದು ಎಲ್ಲರಿಗೂ ತೋರಿಸಿದ.

ಹಿರಿಯ ದೇವಯ್ಯ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. "ಹಕ್ಕಿ ಕಣ್ಣು ಸೈತ ಕಾಣ್ತದೆ. ಕಂಬ ಮಂಜಾಗವೆ ಕಣ್ಲಾ. ಕಂಬ ಬೇಕಿದ್ದೋನು ಇಂಗ್ ತೆಗೀತಿದ್ನಾ?"

"ಅರ್ಜಿ ಮತ್ಯಾರು ಕೊಟ್ರು?"

ಹೆಣದ ಕಾಲ ಬಳಿ ಕೂತಿದ್ದ ಮರಿಯಯ್ಯನ ಹೆಂಡತಿ ದ್ಯಾವಮ್ಮ ತಲೆ ಎತ್ತಿದಳು.

*

ಅರ್ಜಿಯ ಸುದ್ದಿ ಊರಲ್ಲಿ ಹಬ್ಬಿದ ದಿನ ಲೋಕೇಶ ಏರಿಯ ಮೇಲೆ ನಿಂತು, ತೆಪ್ಪದಲ್ಲಿದ್ದ ಚಿಕ್ಕಪ್ಪನಿಗೆ ಬಾಯಿಗೆ ಬಂದಂತೆ ಬೈದಿದ್ದ. ಮರಿಯಯ್ಯ ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡ. ಮನೆಗೆ ಬಂದವನ ಮುಂದೆ ದ್ಯಾವಮ್ಮ ಅತ್ತಳು. ಈಗಲೇ ಹೋಗಿ ನಿಜ ಹೇಳಿಬಿಡುತ್ತೇನೆ ಎಂದು ಸೆರಗು ಸಿಕ್ಕಿಸಿಕೊಂಡು ಎದ್ದಳು. ಅವನು ಬಾಗಿಲಿಗೆ ಅಡ್ಡ ನಿಂತ.

"ಸುಮ್ಕಿರು. ಕ್ಯಾಮ್ರಾ ನನ್ ಕೈಲಿ ಐತೆ, ನನ್ನೇ ಅನ್ಲಿ. ನೀನು ದಿನಾ ಆ ಹೆಂಗಸ್ರ ಜೊತೆ ನೀರಿಗೆ ಹೋಗ್ಬೇಕು. ನಾನಾದ್ರೆ ಕೆರೆ ಮಧ್ಯಕ್ಕೆ ಹೋಗ್ಬುಡ್ತೀನಿ."

ಮರುದಿನ ಎಂದಿಗಿಂತ ಬೇಗ ಎದ್ದು ಕೆರೆಗೆ ಹೋದ.

*

"ಅರ್ಜಿ ಕೊಟ್ಟೋಳು ನಾನು," ಎಂದಳು ದ್ಯಾವಮ್ಮ. "ನೀನು ಕೆರೆ ದಾರಿಗೆ ಬೇಲಿ ಆಕ್ದೆ. ಸುತ್ತಿ ಬರೋವಾಗ ನನ್ ಎಮ್ಮೆ ಕೆಸ್ರಲ್ಲಿ ಊತು ಸತ್ತೋಯ್ತು. ನಿನ್ ಚಿಕ್ಕಪ್ಪಂಗೆ ಗೊತ್ತಾಗಿದ್ದೇ ಆಮೇಲೆ, ಲೋಕೇಸ."

ಲೋಕೇಶ ಅವಳನ್ನೇ ನೋಡಿದ. ಸುಳ್ಳಾಗಿರಲಿ ಎಂದು ಕಾಯುವವನಂತೆ ನೋಡಿದ. ಅವಳ ಪಕ್ಕ ಕೂತಿದ್ದ ಹೆಂಗಸರು ಮೆಲ್ಲಗೆ ಸರಿದು ಕೂತರು. ತಮ್ಮ ಬೇಲಿಗಳ ಮೇಲೆ ಇನ್ನೇನು ಅರ್ಜಿ ಬರೆಸಿದ್ದಾಳೋ ಎಂಬ ಲೆಕ್ಕ ಅವರ ಮುಖದಲ್ಲಿತ್ತು.

ಚಟ್ಟ ಎತ್ತುವ ಹೊತ್ತಾಯಿತು. ಮೂವರು ಹೆಗಲು ಕೊಟ್ಟರು. ನಾಲ್ಕನೆಯ ಜಾಗಕ್ಕೆ ಯಾರೋ ಬರುವ ಮುಂಚೆ ಲೋಕೇಶ ಕ್ಯಾಮೆರಾವನ್ನು ದ್ಯಾವಮ್ಮನ ಮಡಿಲಲ್ಲಿಟ್ಟು, ತಲೆಯ ಕಡೆ ಬಂದು ನಿಂತ.

ಅವನು ಉಳಿದವರಿಗಿಂತ ಗೇಣುದ್ದ ಎತ್ತರ. ಎತ್ತಿದ ಕೂಡಲೇ ಚಟ್ಟ ಓರೆಯಾಗಿ, ಮರಿಯಯ್ಯನ ತಲೆ ಒಂದು ಬದಿಗೆ ವಾಲಿತು. ಲೋಕೇಶ ಮಂಡಿ ಬಗ್ಗಿಸಿದ. ಸಮವಾಯಿತು. ಹೆಗಲು ಬದಲಿಸಿಕೋ ಎಂದು ದೇವಯ್ಯ ದಾರಿಯಲ್ಲಿ ಎರಡು ಸಲ ಹೇಳಿದರೂ ಕೇಳದೆ, ಏರಿಯ ಉದ್ದಕ್ಕೂ ಹಾಗೆಯೇ ಅರ್ಧ ಕೂತವನಂತೆ ನಡೆದ.